ಅಳಿವೆಯಿಂದ ತಂದ ನೀರು

"ನನ್ನ ಪ್ಲೇಟುಗಳೆಲ್ಲಿ?"

"ಯಾವುದು? ಬೂಷ್ಟು ಬಂದದ್ದಾ? ಅದನ್ನು ಆಗಲೇ ಬೇಯಿಸಿ ಆಯ್ತು ಮೇಡಂ. ಹದಿನೆಂಟು ಉಂಟು. ತೊಳೆದು ಕೊಡ್ತೇನೆ."

ಸಂಶೋಧಕಿ ಸುಪ್ರೀತಾಳಿಗೆ ನಿಂತ ನೆಲವೇ ಕುಸಿದಂತಾಯಿತು.

ಅದು ೨೦೦೪ರ ಜುಲೈ ತಿಂಗಳು, ಮೂಡುಬಿದಿರೆಯ ಒಂದು ಕಾಲೇಜಿನ ಪ್ರಯೋಗಾಲಯ. ಮೂಲೆಯಲ್ಲಿ ಅಡುಗೆಮನೆಯ ಕುಕ್ಕರಿಗೆ ದೊಡ್ಡಣ್ಣನಂತಿದ್ದ, ಸೂಕ್ಷ್ಮಾಣುಗಳನ್ನು ಬೇಯಿಸಿ ಕೊಲ್ಲುವ ಆಟೋಕ್ಲೇವ್ ಬುಸುಬುಸು ಹಬೆ ಬಿಡುತ್ತಿತ್ತು. ಅದರ ಪಕ್ಕ ಕೈ ಒರೆಸುತ್ತಾ ನಿಂತವನು ಲತೇಶ್. ಬೆಳ್ತಂಗಡಿಯ ಹುಡುಗ, ಲ್ಯಾಬ್ ಕೆಲಸಕ್ಕೆ ಸೇರಿ ಎರಡೇ ದಿನ. ಒಳ್ಳೆಯ ಕೆಲಸ ಮಾಡಿದೆನೆಂಬ ನಗು ಬೇರೆ ಮುಖದ ಮೇಲೆ!

"ಅದು ಬೂಷ್ಟು ಅಲ್ಲ!" ಎಂದು ಕೂಗಿದಳು ಅವಳು. "ಸಮುದ್ರದ ಕೆಸರಿನಿಂದ ತೆಗೆದ ಬ್ಯಾಕ್ಟೀರಿಯಾ ಅದು. ಸುಣ್ಣದ ಪುಡಿಯ ಹಾಗೆ ಬೆಳಿಯುದೇ ಅದರ ಗುಣ. ಅದರ ರಸ ಕ್ಯಾನ್ಸರ್ ಜೀವಕೋಶಗಳನ್ನು ಕೊಲ್ತದೆ ಅಂತ ಹೋದ ತಿಂಗಳಷ್ಟೇ ಹೈದರಾಬಾದಿನ ಲ್ಯಾಬಿನಿಂದ ಪತ್ರ ಬಂದಿದೆ. ಇನ್ನೊಮ್ಮೆ ಕಳಿಸಿ ಅಂತ ಕೇಳಿದ್ದಾರೆ. ಈಗ ನಾನು ಎಂಥ ಕಳಿಸುದು? ಹೇಳಿ!"

ಲತೇಶನ ನಗು ಎಲ್ಲಿ ಹೋಯಿತೋ!

"ಏನೂ ಉಳಿದಿಲ್ಲವಾ ಮೇಡಂ?"

ಉಳಿದಿತ್ತು. ಫ್ರಿಜ್ಜಿನಲ್ಲಿ ಒಂದೇ ಒಂದು ಟ್ಯೂಬು. ಎರಡು ವರ್ಷ ಊಟ-ನಿದ್ದೆ ಬಿಟ್ಟು, ಮುನ್ನೂರು ಬ್ಯಾಕ್ಟೀರಿಯಾಗಳ ನಡುವೆ ಹುಡುಕಿ ತೆಗೆದದ್ದು ಈಗ ಆ ಒಂದು ಟ್ಯೂಬಿನಲ್ಲಿ ಜೀವ ಹಿಡಿದುಕೊಂಡಿತ್ತು. ಅದು ಸತ್ತರೆ ಎಲ್ಲ ಮುಗಿದಂತೆ.

"ಅದನ್ನು ಬೆಳೆಸ್ಲಿಕ್ಕೆ ಸಮುದ್ರದ ನೀರೇ ಬೇಕು. ನನ್ನ ಕ್ಯಾನ್ ಖಾಲಿ."

"ನಾನು ತರ್ತೇನೆ. ನಾಳೆಯೇ."

ಹೇಳಿದಂತೆ ಮರುದಿನ ಸಂಜೆ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಇಪ್ಪತ್ತು ಲೀಟರಿನ ಕ್ಯಾನನ್ನು ಮೇಜಿನ ಮೇಲಿಟ್ಟ. ಮೊಣಕೈಗೆ ಬಟ್ಟೆ ಸುತ್ತಿತ್ತು. "ಏನಾಯ್ತು?" ಎಂದರೆ, "ಜಾರಿದ್ದು, ಎಂಥದೂ ಇಲ್ಲ," ಎಂದು ಮುಖ ತಿರುಗಿಸಿದ.

ಆ ನೀರಿನಲ್ಲಿ ಸುಪ್ರೀತಾ ಹೊಸ ಪ್ಲೇಟುಗಳನ್ನು ತಯಾರಿಸಿ, ಟ್ಯೂಬಿನಿಂದ ಚೂರು ತೆಗೆದು ಅವುಗಳ ಮೇಲೆ ಗೀರಿದಳು. ದಿನಾ ಬೆಳಿಗ್ಗೆ ಇಬ್ಬರೂ ತಲೆಗೆ ತಲೆ ತಾಗುವಷ್ಟು ಬಗ್ಗಿ ನೋಡುವರು. ಏನೂ ಇಲ್ಲ. "ನಾಳೆ ಬಂದೀತು ಮೇಡಂ," ಎನ್ನುವನು ಅವನು. ಅವಳು ತಿನ್ನಲು ಮರೆತರೆ ಬನ್ಸ್ ತಂದಿಡುವನು. ನಾಲ್ಕನೆಯ ದಿನ ಅವಳು ಬೈಯುವುದನ್ನು ಮರೆತಳು. ಎಂಟನೆಯ ದಿನ ಅವನು ಬರುವುದು ತಡವಾದರೆ ಬಾಗಿಲ ಕಡೆಗೇ ಕಣ್ಣು!

*ಇದೇನು ನನಗೆ ಹುಚ್ಚಾ… ಕಾಯುತ್ತಿರುವುದು ಬ್ಯಾಕ್ಟೀರಿಯಾಕ್ಕೋ, ಇವನಿಗೋ?*

ಹದಿನಾಲ್ಕನೆಯ ದಿನವೂ ಪ್ಲೇಟು ಬೋಳು ಬೋಳು. ಸುಪ್ರೀತಾಳಿಗೆ ಏನೋ ಅನುಮಾನ ಬಂತು. ಕ್ಯಾನಿನ ತಳದಲ್ಲಿದ್ದ ನೀರಿನಲ್ಲಿ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದಳು.

ಉಪ್ಪೇ ಇಲ್ಲ!

"ಲತೇಶ್… ನೀವು ಸಮುದ್ರಕ್ಕೆ ಹೋಗಲೇ ಇಲ್ಲ, ಅಲ್ಲವಾ?"

"ಹೋಗಿದ್ದೆ ಮೇಡಂ! ಉಳ್ಳಾಲದ ಕೋಟೆಪುರಕ್ಕೆ…"

"ಸುಳ್ಳು! ಇದು ಹೊಳೆ ನೀರು. ಮಳೆ ಅಂತ ಉದಾಸೀನ ಆಗಿ ದಾರಿಯಲ್ಲೇ ಎಲ್ಲಿಯೋ ತುಂಬಿಸಿದ್ದು. ನಾನು ನಿಮ್ಮನ್ನು ನಂಬಿದ್ದೆ… ಛೇ!"

ಅವನ ಕಣ್ಣು ಕೆಂಪಾಯಿತು. ಬಾಗಿಲು ದೂಡಿ ಹೊರಗೆ ನಡೆದುಬಿಟ್ಟ. ಮರುದಿನ ಕೆಲಸಕ್ಕೂ ಬರಲಿಲ್ಲ.

ಆದಿತ್ಯವಾರ ಫರಂಗಿಪೇಟೆಯ ಮನೆಯಂಗಳದಲ್ಲಿ ಸುಪ್ರೀತಾ ಅಮ್ಮ ಕುಸುಮಳ ಮುಂದೆ ತನ್ನ ಕೋಪವನ್ನೆಲ್ಲ ಕಾರಿಕೊಳ್ಳುತ್ತಿದ್ದಳು. ಮೀನು ಮಾರುವ ಮೊಯಿದಿನಬ್ಬ ತಕ್ಕಡಿ ಹಿಡಿದು ನಿಂತು ಎಲ್ಲವನ್ನೂ ಕೇಳಿಸಿಕೊಂಡವರು ನಕ್ಕೇ ಬಿಟ್ಟರು.

"ಎಂಥ ಮಾರಾಯ್ತಿ, ಹೊಳೆ ಬದಿಯಲ್ಲಿ ಹುಟ್ಟಿದವಳು ನೀನು ಇದನ್ನು ಹೇಳುದಾ? ಆಟಿ ತಿಂಗಳ ಈ ಮಳೆಗೆ ಕೋಟೆಪುರದ ಅಳಿವೆಯಲ್ಲಿ ಉಪ್ಪು ಎಲ್ಲಿಂದ ಬರಬೇಕು? ಘಟ್ಟದ ನೀರೆಲ್ಲ ನೇತ್ರಾವತಿಯಲ್ಲಿ ಬಂದು ಅಲ್ಲಿಯೇ ಬೀಳುದು. ನೋಡ್ಲಿಕ್ಕೆ ಸಮುದ್ರ, ಕುಡಿದರೆ ಹೊಳೆ!"

ಸುಪ್ರೀತಾ ಕಲ್ಲಾದಳು. *ಹೌದಲ್ಲ…*

"ಬಿಳಿ ಕ್ಯಾನಿನ ಹುಡುಗನಾ? ಉದ್ದಕ್ಕೆ, ಸಪುರ? ಮೀನು ತರ್ಲಿಕ್ಕೆ ಅಲ್ಲಿಗೆ ಹೋದಾಗ ನಾನೂ ಕಂಡಿದ್ದೇನೆ. ಅಲೆ ಎಳ್ಕೊಂಡು ಹೋಯ್ತು ಅವನನ್ನು! ಕ್ಯಾನ್ ಬಿಡೋ ಅಂತ ಬೊಬ್ಬೆ ಹಾಕಿದ್ರೂ ಬಿಡಲಿಲ್ಲ. ನಾವು ನಾಲ್ಕು ಜನ ಹಗ್ಗ ಹಾಕಿ ಎಳೆದದ್ದು. ಬಂಡೆಗೆ ಬಡಿದು ಮೊಣಕೈ ಹರಿದಿತ್ತು, ಪಾಪ."

ಅವಳು ಅಲ್ಲಿಯೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಕಣ್ಣೀರು ಧಾರೆಯಾಗಿ ಹರಿಯಿತು. ಸಮುದ್ರವನ್ನೇ ಕಾಣದೆ ಬೆಳೆದ ಬೆಳ್ತಂಗಡಿಯವನಿಗೆ ಅಳಿವೆ ಏನು ಗೊತ್ತು? ಗೊತ್ತಿರಬೇಕಾದವಳು ಅವಳು. ನೀರು ಕೈಗೆ ಬಂದಾಗ ಒಂದು ಹನಿ ರುಚಿ ನೋಡದವಳೂ ಅವಳೇ! ಆದರೂ ಬೈದದ್ದು ಅವನನ್ನು.

"ಅಳುತ್ತಾ ಕೂತ್ರೆ ಆಗ್ತದಾ?" ಕುಸುಮ ಗದರಿದಳು. "ತಪ್ಪು ಮಾಡಿದವಳು ಹೋಗಿ ಹೇಳಬೇಕು. ಬಸ್ಸು ಉಂಟು."

ಮಧ್ಯಾಹ್ನದ ಹೊತ್ತಿಗೆ ಅವಳು ಬೆಳ್ತಂಗಡಿಯಲ್ಲಿ ಲತೇಶನ ಮನೆಯ ಮುಂದೆ ನಿಂತಿದ್ದಳು. ಅವನು ಗಾಬರಿಯಿಂದ ಎದ್ದು ಬಂದ.

"ಮೇಡಂ! ನೀವು ಇಲ್ಲಿ?"

"ತಪ್ಪು ನನ್ನದು ಲತೇಶ್. ನಿಮ್ಮನ್ನು ಹಗ್ಗ ಹಾಕಿ ಎಳೆದ ಮೀನಿನ ಮೊಯಿದಿನಬ್ಬ ಎಲ್ಲ ಹೇಳಿದ್ರು. ಅಲೆಗೆ ಬಿದ್ದದ್ದನ್ನು ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕನಿಕರ ಪಟ್ಟು ಕ್ಷಮಿಸ್ತಿದ್ರಿ. ನನಗೆ ಅದು ಬೇಡ ಇತ್ತು… ನಿಮ್ಮ ಬ್ಯಾಕ್ಟೀರಿಯಾ ಬದುಕಿದ್ರೆ ಸಾಕಿತ್ತು."

ಅವಳು ಅವನ ಮೊಣಕೈಯ ಗಾಯವನ್ನೇ ನೋಡಿದಳು. ಅವನೇ ಕೇಳಿದ: "ಟ್ಯೂಬಿನಲ್ಲಿ ಇನ್ನೂ ಚೂರು ಉಂಟಲ್ಲವಾ? ನಿಜವಾದ ಉಪ್ಪುನೀರು ತರುವ. ಈ ಸಲ ಒಟ್ಟಿಗೆ ಹೋಗುವ."

ಅಳಿವೆಯಿಂದ ದೂರ, ಸೋಮೇಶ್ವರದ ಕಡಲಲ್ಲಿ, ಮೀನುಗಾರರೇ ನೀರು ತುಂಬಿಸಿ ಕೊಟ್ಟರು. ಈ ಬಾರಿ ಇಬ್ಬರೂ ರುಚಿ ನೋಡಿ, ಇಬ್ಬರೂ ಮುಖ ಹಿಂಡಿದರು. ಅಷ್ಟು ಉಪ್ಪು! ಟ್ಯೂಬಿನ ತಳದಲ್ಲಿ ಉಳಿದ ಕೊನೆಯ ಚೂರನ್ನು ಹೊಸ ಪ್ಲೇಟಿನ ಮೇಲೆ ಗೀರಿದಳು ಸುಪ್ರೀತಾ.

ಹತ್ತು ದಿನ ಏನೂ ಇಲ್ಲ. ಹನ್ನೊಂದನೆಯ ದಿನವೂ ಇಲ್ಲ. ಕಂಡ ದೈವಗಳಿಗೆಲ್ಲ ಹರಕೆ ಹೇಳಿದ್ದಾಯಿತು.

ಹನ್ನೆರಡನೆಯ ದಿನ ಬೆಳಿಗ್ಗೆ ಲತೇಶ್ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ಸುಮ್ಮನೆ ನಿಂತುಬಿಟ್ಟ.

"ಏನು? ಹೇಳಿ ಮಾರಾಯ್ರೆ!"

"ಚುಕ್ಕೆ… ಬಿಳಿ ಚುಕ್ಕೆ! ಒಂದು, ಎರಡು… ಏಳು ಉಂಟು ಮೇಡಂ!"

ಬದುಕಿತ್ತು! ಸುಪ್ರೀತಾ ಸ್ಟೂಲಿನ ಮೇಲೆ ಕುಳಿತು, ನಗುತ್ತಾ ಅಳುತ್ತಾ, ತಿಂಗಳಿನಿಂದ ಹಿಡಿದಿಟ್ಟ ಉಸಿರನ್ನು ಹೊರಗೆ ಬಿಟ್ಟಳು. ಎದೆಯ ಮೇಲಿದ್ದ ಭಾರವೆಲ್ಲ ಇಳಿದುಹೋಯಿತು.

"ಇನ್ನು ಹೈದರಾಬಾದಿಗೆ ಕಳಿಸಬಹುದು," ಅವನೂ ಕಣ್ಣೊರೆಸಿಕೊಂಡ. "ಈಗಲಾದ್ರೂ ಸಮಾಧಾನ ಆಯ್ತಾ?"

"ಇಲ್ಲ."

"ಇನ್ನು ಎಂಥ?"

"ಆ ದಿನ ನಿಮ್ಮನ್ನು ಅಲೆ ಕೊಂಡುಹೋಗಿದ್ರೆ…" ಅವಳ ದನಿ ಒಡೆಯಿತು. "ಈ ಏಳು ಚುಕ್ಕೆ ಇಟ್ಟುಕೊಂಡು ನಾನು ಎಂಥ ಮಾಡ್ಲಿಕ್ಕಿತ್ತು ಲತೇಶ್? ಇನ್ನೊಮ್ಮೆ ಹಾಗೆ ಮಾಡಿದ್ರೆ ನೋಡಿ! ಕ್ಯಾನ್ ಹೋದ್ರೆ ಹೋಗ್ಲಿ. ನನಗೆ ನೀವು ಬೇಕು."

ಅವನು ಪ್ಲೇಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಕೈ ಖಾಲಿಯಾದ ಮೇಲೆ ಅದನ್ನು ಎಲ್ಲಿಡುವುದೆಂದು ತಿಳಿಯದೆ ನಿಂತ. ಕೊನೆಗೆ ಅವಳ ಕೈಯನ್ನೇ ಹಿಡಿದುಕೊಂಡ.

"ಇದು ಬೈದದ್ದಾ ಮೇಡಂ?"

"ಹೌದು. ಮತ್ತೆ, ಮೇಡಂ ಅಂತ ಕರೀಬೇಡಿ."

"ಸುಪ್ರೀತಾ…" ಮೊದಲ ಸಲ ಆ ಹೆಸರು ಅವನ ಬಾಯಲ್ಲಿ ಬಂತು. "ಜೀವನಪೂರ್ತಿ ಹೀಗೇ ಬೈತೀರಾ?"

"ಬೈತೇನೆ," ಎಂದಳು ಅವಳು, ಕೈ ಬಿಡಿಸಿಕೊಳ್ಳದೆ.