ಮಡಚುವ ಸೈಕಲ್ಲಿಗೆ ಮೇಷ್ಟ್ರ ತಕರಾರು

"ಆ ಸೈಕಲ್ ಮಾತ್ರ ತಗೋಬೇಡಿ!"

ರೈಲಿನಲ್ಲಿ ಪಕ್ಕ ಕೂತಿದ್ದ ಅಪರಿಚಿತ ಹಾಗೆಂದಾಗ, ಆರ್ಡರ್ ಒತ್ತಲು ಹೊರಟಿದ್ದ ಅವಳ ಬೆರಳು ಅಲ್ಲೇ ನಿಂತಿತು. ಸಿಟ್ಟು ನೆತ್ತಿಗೇರಿತು.

"ಕಂಡವರ ಫೋನಿಗೆ ಇಣುಕೋದೇ ನಿಮ್ಮ ಕೆಲಸಾನಾ?"

"ಅಲ್ಲ... ನಾನು ಡ್ರಾಯಿಂಗ್ ಮೇಷ್ಟ್ರು, ಚಿತ್ರ ಕಂಡ್ರೆ ಕಣ್ಣು ತಾನಾಗೇ ಹೋಗುತ್ತೆ. ಫೋಟೋ ದೊಡ್ಡದು ಮಾಡಿ ನೋಡಿ. ಮಡಚೋ ಜಾಗದಲ್ಲಿ ಲಾಕೇ ಇಲ್ಲ. ಓಡಿಸ್ತಿರುವಾಗಲೇ ಮಡಚಿಕೊಂಡ್ರೆ?"

ನೋಡಿದಳು. ನಿಜ! ಕೊಂಡವರು ಬರೆದದ್ದರಲ್ಲೂ ಅದೇ ಗೋಳು. ಥ್ಯಾಂಕ್ಸ್ ಹೇಳಲೇಬೇಕಾಯಿತು, ಹಲ್ಲು ಕಚ್ಚಿಕೊಂಡು ಹೇಳಿದಳು.

ಅವಳು ಫಿಸಿಯೋಥೆರಪಿಸ್ಟ್. ಬೆಳಗ್ಗೆ ಕ್ಲಿನಿಕ್, ಮಧ್ಯಾಹ್ನ ರೋಗಿಗಳ ಮನೆ ಮನೆ ಸುತ್ತಾಟ. ಸೈಕಲ್ ಇದ್ದರೆ ಇನ್ನೂ ನಾಲ್ಕು ಜನರನ್ನು ನೋಡಬಹುದು. ಮಡಚುವಂಥದ್ದಾದರೆ ರೈಲಿಗೂ ಹತ್ತುತ್ತದೆ, ತಾನಿರುವ ಅಕ್ಕನ ಪುಟ್ಟ ಫ್ಲ್ಯಾಟಿನಲ್ಲೂ ಹಿಡಿಸುತ್ತದೆ. ಅಂದುಕೊಂಡದ್ದನ್ನು ಮಾಡದೆ ಬಿಡುವ ಜಾಯಮಾನ ಅವಳದ್ದಲ್ಲ.

ರೈಲಿಳಿದಾಗ ಗೊತ್ತಾಯಿತು, ಅವಳ ಕ್ಲಿನಿಕ್ಕೂ ಅವನ ಶಾಲೆಯೂ ಒಂದೇ ರಸ್ತೆಯಲ್ಲಿ. ನಿಲ್ದಾಣದಿಂದ ಜೊತೆಗೆ ನಡೆಯುತ್ತಾ ದಿನವೂ ಸೈಕಲ್ಲಿನದೇ ಮಾತು. ಚಕ್ರ ತೀರಾ ಚಿಕ್ಕದಾದರೆ ರಸ್ತೆಗುಂಡಿಯಲ್ಲಿ ಕುಕ್ಕುತ್ತದೆ, ಗೇರ್ ಜಾಸ್ತಿಯಾದರೆ ರಿಪೇರಿಯೂ ಜಾಸ್ತಿ... ಕ್ಲಿನಿಕ್ ಯಾವಾಗ ಬರುತ್ತಿತ್ತೋ ಗೊತ್ತೇ ಆಗುತ್ತಿರಲಿಲ್ಲ.

'ಈ ರಸ್ತೆ ಇನ್ನೂ ಸ್ವಲ್ಪ ಉದ್ದ ಇರಬಾರದಿತ್ತಾ?' ಮನಸ್ಸು ಹೀಗೆ ಕೇಳಿದಾಗ ಅವಳಿಗೇ ನಾಚಿಕೆಯಾಯಿತು.

ಕೊನೆಗೊಂದು ಸಿಕ್ಕಿತು. ಗಟ್ಟಿ ಲಾಕ್, ಎತ್ತಲು ಹಗುರ, ಕೈಗೆಟುಕುವ ಬೆಲೆ, ಇಷ್ಟವಾಗದಿದ್ದರೆ ವಾಪಸ್.

ಅವನು ತುಂಬಾ ಹೊತ್ತು ನೋಡಿ, "ಬೇಡ" ಅಂದ.

"ಯಾಕೆ?"

"ಬಣ್ಣ... ಸರಿಯಿಲ್ಲ."

"ನಿನ್ನೆ ಬೆಲ್ ಸರಿಯಿಲ್ಲ ಅಂದ್ರಿ, ಮೊನ್ನೆ ಸೀಟು! ನನ್ನ ಕೈಲಿ ಸೈಕಲ್ ಓಡಿಸೋಕಾಗಲ್ಲ ಅಂತ ನೇರವಾಗಿ ಹೇಳ್ಬಿಡಿ!"

ಅವನೆದುರೇ ಆರ್ಡರ್ ಮಾಡಿ ಧುಮುಗುಟ್ಟುತ್ತಾ ಹೊರಟಳು.

ಮರುದಿನದಿಂದ ಅವನು ಬೇರೆ ಬೋಗಿ ಹತ್ತತೊಡಗಿದ. ಸೈಕಲ್ಲೂ ಮನೆಗೆ ಬಂತು, ಬಲು ಚೆನ್ನಾಗಿತ್ತು. ಆದರೂ ಅವಳ ಮುಖ ಊದಿಕೊಂಡೇ ಇತ್ತು.

"ಅಕ್ಕಾ, ಇಷ್ಟು ಒಳ್ಳೇ ಸೈಕಲ್ ಬೇಡ ಅಂದ್ರಲ್ಲ ಮೇಷ್ಟ್ರು, ಯಾಕಿರಬಹುದು?"

ಅಕ್ಕ ಬಿದ್ದು ಬಿದ್ದು ನಕ್ಕಳು. "ಪೆದ್ದಿ! ಸೈಕಲ್ ಬಂದ್ಮೇಲೆ ನೀನು ಅವ್ರ ಜೊತೆ ನಡೀತೀಯಾ?"

ಅವಳು ತಿರುಗಿ ಗೋಡೆಗೊರಗಿದ್ದ ಸೈಕಲ್ ನೋಡಿದಳು.

ಮಾರನೆಯ ಬೆಳಗ್ಗೆ ನಿಲ್ದಾಣದ ಹೊರಗೆ ತಲೆ ತಗ್ಗಿಸಿ ಹೋಗುತ್ತಿದ್ದವನಿಗೆ ಸೈಕಲ್ ಅಡ್ಡ ತಂದು ನಿಲ್ಲಿಸಿದಳು.

"ಮೇಷ್ಟ್ರೇ, ನಿಜ ಹೇಳಿ. ಇದ್ರಲ್ಲಿ ಏನು ದೋಷ?"

"ಏನೂ ಇಲ್ಲ... ಅದೇ ದೋಷ! ಇದ್ರ ಮೇಲೆ ನೀವು ಜುಮ್ಮಂತ ಹೋಗ್ಬಿಡ್ತೀರಿ. ನೀವಂದ್ರೆ ನನಗಿಷ್ಟ. ಅದನ್ನ ಹೇಳೋ ಧೈರ್ಯ ಇಲ್ದೆ ದೋಷ ಎಲ್ಲಾ ಸೈಕಲ್ ಮೇಲೆ ಹಾಕಿದೆ. ತಪ್ಪಾಯ್ತು."

ಎಷ್ಟು ದಿನದಿಂದ ಕೇಳಬೇಕೆಂದಿದ್ದ ಮಾತು! ಕಣ್ಣು ತುಂಬಿ ಬಂತು. ಇಳಿದು, ಸೈಕಲ್ ಮಡಚಿ ಪಕ್ಕಕ್ಕೆ ಹಿಡಿದಳು.

"ಸೈಕಲ್ ಅಂತೂ ನಾನು ಬಿಡಲ್ಲ, ರೋಗಿಗಳು ಕಾಯ್ತಿರ್ತಾರೆ. ಬೆಳಗ್ಗೆ ಮಾತ್ರ ಇದು ಮಡಚಿಕೊಂಡೇ ಇರುತ್ತೆ. ನಡೀರಿ, ಹೋಗೋಣ."

"ದಿನಾ... ನನ್ನ ಜೊತೆನಾ?"

"ದಿನಾ."

"ಕಾಲು ನೋವು ಬಂದ್ರೆ?"

"ಮನೇಲೇ ಫಿಸಿಯೋ ಇರ್ತಾಳಲ್ಲ, ಚಿಂತೆ ಯಾಕೆ?"

ಅವನು ತಟ್ಟನೆ ನಿಂತ. "ಮನೇಲಿ ಅಂದ್ರೆ... ನಮ್ಮನೇಲಾ?"

"ಮತ್ತೆ? ಪಕ್ಕದ ಮನೇಲಾ?"