ಅಲುಗಾಡದ ಅಂಕಿ

ಐಸ್ ಫ್ಯಾಕ್ಟರಿಯ ಕಂಪ್ರೆಸರ್ ಕೋಣೆಯಲ್ಲಿ ಮೆಕ್ಯಾನಿಕ್ ಸತ್ತು ಬಿದ್ದಿದ್ದ. ಸ್ಪ್ಯಾನರ್ ಇನ್ನೂ ಕೈಯಲ್ಲೇ ಇತ್ತು. ಅಮೋನಿಯಾದ ಘಾಟಿಗೆ ಬಾಗಿಲಲ್ಲಿ ನಿಂತ ಇನ್‌ಸ್ಪೆಕ್ಟರಳ ಕಣ್ಣಿಂದ ನೀರು ಸುರಿಯುತ್ತಿತ್ತು. ಗ್ಯಾಸ್ ಸೋರಿದರೆ ಊರೆಲ್ಲ ಕೇಳುವಂತೆ ಕೂಗಬೇಕಿದ್ದ ಸೈರನ್ ತುಟಿ ಪಿಟಕ್ಕೆಂದಿರಲಿಲ್ಲ.

ಅಲ್ಲಿನ ಸೆನ್ಸರ್‌ಗಳನ್ನು ನೋಡಿಕೊಳ್ಳುತ್ತಿದ್ದವನು ಅವಳ ಭಾವನೇ, ಅಕ್ಕನ ಗಂಡ.

"ಸೆನ್ಸರ್ ಸರಿಯಾಗೇ ಇದೆ ಕಣಮ್ಮ. ಬೆಳಗ್ಗೆ ಗ್ಯಾಸಿನ ಅಳತೆ ಎಂಟು ತೋರಿಸ್ತಿತ್ತು. ಇಪ್ಪತ್ತೈದು ದಾಟಿದ್ರೆ ತಾನೇ ಅಪಾಯ?"

"ಮತ್ತೆ ಇಷ್ಟು ಗ್ಯಾಸ್ ಎಲ್ಲಿಂದ ಬಂತು ಭಾವ?"

"ಯಾರೋ ವಾಲ್ವ್ ತಿರುಗಿಸಿದ್ದಾರೆ. ಸೈರನ್ ಸ್ವಿಚ್ಚೂ ಆಫ್ ಆಗಿದೆ, ನೋಡು. ಅದಿರೋದು ಆಪರೇಟರ್ ಕೋಣೇಲಿ."

ಆಪರೇಟರಿಗೂ ಮೆಕ್ಯಾನಿಕ್‌ಗೂ ಹಿಂದಿನ ದಿನವಷ್ಟೇ ಜಗಳವಾಗಿತ್ತು. ಅವಳು ಹಿಂದೆಮುಂದೆ ನೋಡಲಿಲ್ಲ. ಆಪರೇಟರನ ಮನೆಗೇ ಹೋಗಿ ಅವನ ಕಾಲರ್ ಹಿಡಿದು, ಬೀದಿಯವರೆಲ್ಲ ನೋಡುತ್ತಿರುವಾಗಲೇ ಜೀಪಿಗೆ ಹತ್ತಿಸಿದಳು.

* * *

ಆಪರೇಟರ್ ತಾನು ವಾಲ್ವ್ ಮುಟ್ಟಿಲ್ಲ ಎಂದೇ ಹೇಳುತ್ತಿದ್ದ. ಮರುದಿನ ಅವಳು ಫ್ಯಾಕ್ಟರಿಗೆ ಮತ್ತೆ ಹೋದಳು. ಪ್ಯಾಕಿಂಗ್ ಕೋಣೆಯ ಸೆನ್ಸರ್ ಮೇಲೆ ಅಂಕಿಗಳು ಬದಲಾಗುತ್ತಲೇ ಇದ್ದವು. ಮೂರು, ಐದು, ನಾಲ್ಕು.

"ಇದ್ಯಾಕೆ ಹೀಗೆ ಕುಣಿಯುತ್ತೆ ಭಾವ?"

"ಸೆನ್ಸರ್ ಅಂದ್ರೆ ಹಾಗೇ. ಗಾಳಿ, ತೇವ, ಬಿಸಿ ಎಲ್ಲ ತಾಗುತ್ತೆ. ಯಾವ ಅಳತೆಯೂ ಒಂದೇ ಕಡೆ ಕೂರಲ್ಲ."

ಅವಳು ಕಂಟ್ರೋಲ್ ರೂಮಿಗೆ ಹೋಗಿ ಕಂಪ್ರೆಸರ್ ಕೋಣೆಯ ಗ್ರಾಫ್ ತೆಗೆಸಿದಳು. ಹಿಂದಿನ ವಾರಗಳಲ್ಲಿ ಗೆರೆ ಅಂಕುಡೊಂಕಾಗಿತ್ತು. ಸಾವಿನ ಹಿಂದಿನ ದಿನದ ಮಧ್ಯಾಹ್ನದಿಂದ ಸ್ಕೇಲ್ ಇಟ್ಟು ಎಳೆದಂತೆ ನೆಟ್ಟಗೆ. ಎಂಟು, ಎಂಟು, ಎಂಟು.

* * *

"ವಾಲ್ವ್ ತಿರುಗಿಸಿದ್ರೆ ಅಂಕಿ ಏರಬೇಕಿತ್ತು. ಏರಲೇ ಇಲ್ಲ," ಅಂದಳು. "ಏರೋದಿರಲಿ, ಒಂದು ಕೂದಲೆಳೆಯಷ್ಟೂ ಅಲುಗಾಡಿಲ್ಲ. ಅದು ಅಳತೆಯಲ್ಲ, ಯಾರೋ ಕೂರಿಸಿದ ಅಂಕಿ. ಸೆನ್ಸರ್ ವೈರಿರೋ ಸೀಲ್ ಹಾಕಿದ ಪೆಟ್ಟಿಗೆಯ ಕೀಲಿ ಇರೋದು ನಿಮ್ಮ ಹತ್ರ ಮಾತ್ರ."

ಭಾವ ಕುರ್ಚಿಯಲ್ಲಿ ಕುಸಿದ. "ಆ ಸೆನ್ಸರ್ ಐದು ಅಂಕಿ ಆಚೀಚೆ ತೋರಿಸ್ತಿತ್ತು. ಗ್ಯಾಸ್ ಇಪ್ಪತ್ತೊಂದಿದ್ರೂ ಸೈರನ್ ಕೂಗೋದು, ಕೆಲಸ ನಿಲ್ಲೋದು. ಎಲ್ರೂ ನನ್ನನ್ನೇ ಬೈಯೋರು. ಹೊಸದು ಬರೋವರೆಗೂ ಅಂತ ಅದರ ವೈರ್ ತೆಗೆದು ಸುಳ್ಳು ಸಿಗ್ನಲ್ ಕೊಟ್ಟೆ. ಅಷ್ಟರಲ್ಲಿ ಹಳೇ ಪೈಪಿನ ಜಾಯಿಂಟ್ ಸೋರಿತು."

"ಸ್ವಿಚ್?"

"ಹೆಣ ನೋಡಿದ ಮೇಲೆ ನಾನೇ ಆಫ್ ಮಾಡಿದೆ, ಅನುಮಾನ ಆಪರೇಟರ್ ಮೇಲೆ ಹೋಗಲಿ ಅಂತ." ಅವನು ಮುಖ ಮುಚ್ಚಿಕೊಂಡ. "ನಿನ್ನಕ್ಕನಿಗೆ ಏನಂತ ಹೇಳ್ತೀಯ?"

ಆ ಗ್ರಾಫ್ ಮೊದಲ ದಿನವೂ ಅಲ್ಲೇ ಇತ್ತು. ಭಾವನ ಮಾತೆಂದು ನಂಬಿ ಅವಳೇ ಕಣ್ಣೆತ್ತಿ ನೋಡಿರಲಿಲ್ಲ. ಭಾವನ ಕೈಗೆ ಅವಳೇ ಬೇಡಿ ಹಾಕಿದಳು.

* * *

ಸಂಜೆ ಆಪರೇಟರನನ್ನು ತಾನೇ ಅವನ ಮನೆಗೆ ಕರೆತಂದಳು. ಅವನ ತಾಯಿ ಹೊಸ್ತಿಲಲ್ಲಿ ನಿಂತಿದ್ದರು. ಇನ್‌ಸ್ಪೆಕ್ಟರ್ ಒಳಗೆ ಕಾಲಿಡಲು ಹೋದಾಗ ಅವನು ಅಡ್ಡ ನಿಂತ.

"ಒಳಗೆ ಬೇಡ ಮೇಡಂ. ಎಲ್ಲಿ ಕಾಲರ್ ಹಿಡಿದ್ರೋ, ಅಲ್ಲೇ ನಿಂತು ಹೇಳಿ."

ಅವಳು ಬೀದಿಗಿಳಿದಳು. ಅಕ್ಕಪಕ್ಕದ ಬಾಗಿಲುಗಳು ತೆರೆದುಕೊಂಡವು. ಟೋಪಿ ತೆಗೆದು, ತಲೆ ತಗ್ಗಿಸಿ ಹೇಳಿದಳು: "ಇವರದೇನೂ ತಪ್ಪಿಲ್ಲ. ತಪ್ಪು ನನ್ನದು."

"ಇನ್ನೂ ಜೋರಾಗಿ ಹೇಳಿ," ಅಂದ ಅವನು. "ಅಮ್ಮನಿಗೆ ಕಿವಿ ಮಂದ."