ಮಾವನ ಪುಸ್ತಕದ ಕನ್ನಡ

"ನಮಸ್ಕಾರ. ಪ್ರಯಾಣ ಸುಖಕರವಾಗಿತ್ತೇ?"

ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮಹಾನಂದಾ ಫಕ್ಕನೆ ನಕ್ಕುಬಿಟ್ಟಳು. ಎದುರಿಗಿದ್ದವನು ವೈಜಿನಾಥ, ಅವಳ ಸೋದರತ್ತೆಯ ಮಗ. ಎಪ್ಪತ್ತೊಂದರಲ್ಲಿ ಅವಳು ಇಂಗ್ಲೆಂಡಿಗೆ ಓದಲು ಹೊರಡುವ ಮುಂಚೆಯೇ ಇಬ್ಬರ ಲಗ್ನ ನಿಶ್ಚಯವಾಗಿತ್ತು; ಓದು ಮುಗಿಸಿ ಈಗ ಮರಳಿದ್ದಳು.

"ಏನ್ ಮಾವಾ, ನಾಟಕದಾಗ ಪಾರ್ಟ್ ಮಾಡಾಕತ್ತೀಯೇನು?"

"ಇಲ್ಲ. ನಿಮ್ಮ ಸಾಮಾನು ಕೊಡಿ."

ನಿಮ್ಮ! ಅವಳ ನಗು ಅಲ್ಲೇ ನಿಂತಿತು. 'ನಂದಾ, ಉಂಡಿ ಇಲ್ಲೇನು?' ಎಂದು ಗದರುತ್ತಿದ್ದ ಮಾವ ಇವನೇನಾ?

ಮರುದಿನ ಬಸವಕಲ್ಯಾಣದ ಅವನ ಬಟ್ಟೆ ಅಂಗಡಿಗೇ ಹೋದಳು. "ಬರ್ರಿ ಕಾಕಾ, ಈ ಧೋತರ ನೋಡ್ರಿ," ಎಂದು ಗಿರಾಕಿಯೊಂದಿಗೆ ಎಂದಿನಂತೆ ಮಾತಾಡುತ್ತಿದ್ದವನು ಅವಳನ್ನು ಕಂಡೊಡನೆ, "ದಯವಿಟ್ಟು ಕುಳಿತುಕೊಳ್ಳಿ," ಎಂದ.

ಊರಿಗೆಲ್ಲ ಒಂದು ಮಾತು, ತನಗೊಬ್ಬಳಿಗೇ ಬೇರೆ! ಎಂಥ ಮೋಸ... ಆ ಚಳಿಯ ದೇಶದಲ್ಲಿ ಇದೇ ದನಿ ನೆನೆದು ದಿನ ದೂಡಿದ್ದಳಲ್ಲ! ಗಿರಾಕಿ ಹೋಗುವವರೆಗೆ ಹೇಗೋ ತಡೆದುಕೊಂಡಳು.

"ಮನಸ್ಸಿನ್ಯಾಗ ಬ್ಯಾರೆ ಯಾರರೆ ಅದಾರೇನು ಮಾವಾ? ಹೇಳಿಬಿಡು. ಈ ಲಗ್ನಾನೇ ಬ್ಯಾಡ!"

ಅವನು ಧೋತರ ಮಡಚುತ್ತ ತಲೆ ಎತ್ತದೆ ಹೇಳಿದ:

"ಇಂಗ್ಲೆಂಡಿನಲ್ಲಿ ನಿಮ್ಮ ಜೊತೆ ಓದುತ್ತಿದ್ದ ಗುಲಬರ್ಗಾದ ಬಂಡೆಪ್ಪ ರಜೆಗೆ ಬಂದಿದ್ದ. ಅಲ್ಲಿ ಓದುವ ಬೆಂಗಳೂರಿನ ಹುಡುಗರ ಮುಂದೆ ನೀವು ನನ್ನ ಮಾತನ್ನು ಅಣಕಿಸಿ ನಗಿಸಿದಿರಂತೆ. ನಿಮಗೆ ನಾಚಿಕೆಯಾಗದಿರಲೆಂದು ಪುಸ್ತಕ ಓದಿ ಬೇರೆ ಮಾತು ಕಲಿತೆ."

ಮಹಾನಂದಾಳ ಮುಖ ಬಿಳಚಿಕೊಂಡಿತು. ಮೋಸ ಮಾಡಿದವಳು ತಾನೇ!

"ಖರೇ ಮಾವಾ... ಹೋದ ಹೊಸದಾಗ ನಾ ಬಾಯಿ ತೆರದ್ರ ಸಾಕು, ಇದೂ ಕನ್ನಡನಾ ಅಂತ ನಗತಿದ್ರು. ನಾನೂ ಅವರಾಕಿನೇ ಅಂತ ತೋರಿಸಲಾಕ ನಿನ್ನ ಅಣಕಿಸಿದೆ. ಎಲ್ಲಾರೂ ನಕ್ಕರು. ಖೋಲಿಗಿ ಬಂದು ಒಬ್ಬಾಕಿನೇ ಕುಂತ್ರ... ನಮ್ಮ ಮಾತೇ ಬಾಯಿಗಿ ಬರವಲ್ದು! ನಾ ಯಾರು ಅಂತ ನನಗೇ ತಿಳೀಲಿಲ್ಲ. ಅವತ್ತಿಂದ ಗೋಡಿ ಜೋಡಿ ಮಾತಾಡಿ ಉಳಿಸಿಕೊಂಡೀನಿ..."

ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕತೊಡಗಿದಳು.

"ಅಳಬೇಡಿ," ಎಂದ ಅವನು. ಅವಳು ಇನ್ನೂ ಜೋರಾಗಿ ಅತ್ತಳು.

"ಏ ನಂದಾ! ಯಾಕ ಹಿಂಗ ಅಳಾಕತ್ತಿ? ಸುಮ್ಮನಾಗು!"

ಅವಳು ತಟ್ಟನೆ ತಲೆ ಎತ್ತಿದಳು. ಅವನು ನಾಲಿಗೆ ಕಚ್ಚಿಕೊಂಡ.

"ಸಿಟ್ಟು ಹೋತೇನು ಮಾವಾ?"

"ಇನ್ನಾ ಹೋಗಿಲ್ಲ. ಭಾಳ ನೊಂದೀನಿ."

"ಹೋಗೋತನಾ ಬೈ. ದಿನಾ ಬೈ... ಆದರ ಹಿಂಗ ಬೈ."

ವೈಜಿನಾಥ ಮಡಚಿದ ಧೋತರವನ್ನು ಬದಿಗಿಟ್ಟ.

"ದಿನಾ ಬೈಬೇಕಂದ್ರ ಲಗ್ನಾ ಆಗಬೇಕಾಗ್ತದ ನೋಡು..."